ಅಪ್ಪನಿಗೆ ಕಲಿಸಿದ ಉತ್ತರಗಳು

ದೊಡ್ಡ ಚಾದರ ಮಡಿಸಲು ಇಬ್ಬರು ಬೇಕು. ಒಬ್ಬರು ಈ ತುದಿಯ ಎರಡು ಮೂಲೆ, ಇನ್ನೊಬ್ಬರು ಆ ತುದಿಯ ಎರಡು ಮೂಲೆ ಹಿಡಿದು, ಒಮ್ಮೆ ಜಗ್ಗಿ ಸುಕ್ಕು ಬಿಡಿಸಿ, ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಮಾತಿನ ಅಗತ್ಯವಿಲ್ಲ. ಗುಮ್ಮಿ ಮತ್ತು ಅವಳ ಅಪ್ಪ ವರ್ಷಗಳಿಂದ ಹಾಗೇ ಮಡಿಸುತ್ತಿದ್ದರು. ಬಾಯ್ಲರಿನ ಬೆಂಕಿ ಆರಿಸಿ, ಕೈ ತೊಳೆದು, ಅಪ್ಪ ಲಾಂಡ್ರಿಯ ಕೊನೆಯ ಮೇಜಿನ ಹತ್ತಿರ ಬಂದು ನಿಂತರೆ ಅಂದಿನ ಕೆಲಸ ಮುಗಿಯುತ್ತಾ ಬಂತು ಎಂದು ಅರ್ಥ.

ಅವತ್ತು ಅಪ್ಪ ಮೂಲೆ ಹಿಡಿದುಕೊಂಡು ಅವಳ ಕಡೆಗೆ ನಡೆದು ಬಂದವರು ಅರ್ಧದಲ್ಲೇ ನಿಂತರು. ತಮ್ಮ ಕೈಯಲ್ಲಿದ್ದ ಬಟ್ಟೆ ನೋಡಿದರು. ಅವಳ ಕೈಯಲ್ಲಿದ್ದ ಬಟ್ಟೆ ನೋಡಿದರು. ಎರಡೂ ಒಂದೇ ಚಾದರದವು ಎಂಬುದು ಅವರಿಗೆ ಹೊಳೆದಂತೆ ಕಾಣಲಿಲ್ಲ. ಗುಮ್ಮಿ ಮಿಕ್ಕ ದೂರವನ್ನು ತಾನೇ ನಡೆದು, ಅವರ ಬೆರಳುಗಳಿಂದ ಮೂಲೆಗಳನ್ನು ಮೆಲ್ಲಗೆ ಬಿಡಿಸಿಕೊಂಡು, ತನ್ನವುಗಳಿಗೆ ಸೇರಿಸಿ ಮಡಿಸಿಟ್ಟಳು. ಮುಂದಿನ ಚಾದರವೂ ಹಾಗೇ ಆಯಿತು. ಅದರ ಮುಂದಿನದೂ ಅಷ್ಟೆ. ಇಸ್ತ್ರಿ ರೋಲರಿನ ಹೆಂಗಸರಿಗೆ ಅಪ್ಪನ ಮುಖ ಕಾಣದಂತೆ ಅವಳು ಅಡ್ಡ ನಿಂತಿದ್ದಳು. ಹಾಗೆ ಅಡ್ಡ ನಿಲ್ಲುವುದು ಅವಳಿಗೆ ಆಗಲೇ ರೂಢಿಯಾಗಿತ್ತು.

ಗುಮ್ಮಿ ಎಂದು ಹೆಸರಿಟ್ಟವನು ಸೋದರಮಾವ. ಲಾಂಡ್ರಿಯ ವ್ಯಾನು ಓಡಿಸುವ ಅವನ ಬಾಯಿ ನಿಂತರೆ ಗಾಡಿಯೂ ನಿಂತೀತು ಎಂದು ಎಲ್ಲರೂ ನಗುತ್ತಿದ್ದರು. "ನಮ್ಮ ಹುಡುಗಿ ಶುದ್ಧ ಗುಮ್ಮನಗುಸುಕಿ. ಬಾಯಿಗೆ ಬೀಗ, ಕಣ್ಣಿಗೆ ಮಾತ್ರ ನಾಲ್ಕು ಬಾಗಿಲು" ಎಂದು ಅವಳು ಚಿಕ್ಕವಳಿದ್ದಾಗ ಅಂದಿದ್ದ. ಹೆಸರು ಅಂಟಿಕೊಂಡಿತು. ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರೆ ಉತ್ತರ ಗಂಟಲಿನ ತನಕ ಬಂದು ಅಲ್ಲೇ ಕೂತುಬಿಡುತ್ತಿತ್ತು. ಮಂದಬುದ್ಧಿ ಎಂದು ಬರೆದರು. ಏಳನೇ ತರಗತಿಗೆ ಅವಳ ಓದು ಮುಗಿದು, ಅಮ್ಮನ ಹಿಂದೆ ಲಾಂಡ್ರಿಗೆ ಬಂದಳು. ಆಸ್ಪತ್ರೆಗಳ, ವಸತಿಗೃಹಗಳ ಚಾದರಗಳು ಅಲ್ಲಿಗೆ ಮೂಟೆ ಮೂಟೆಯಾಗಿ ಬರುತ್ತಿದ್ದವು. ಅಮ್ಮ ಬಿಸಿ ರೋಲರಿನ ಮುಂದೆ ನಿಂತು ಒದ್ದೆ ಚಾದರ ಒಳಗೆ ಬಿಡುತ್ತಿದ್ದಳು. ಅವಳ ಬೆನ್ನ ಹಿಂದಿನ ಗೋಡೆಯ ಆಚೆಗೆ ಬಾಯ್ಲರು, ಬಾಯ್ಲರಿನ ಮುಂದೆ ಅಪ್ಪ. ಅಪ್ಪ ಹಬೆ ಕೊಟ್ಟರೆ ಅಮ್ಮನ ರೋಲರು ಬಿಸಿಯಾಗಬೇಕು. ಇವರ ಸಂಸಾರ ನಡೆಯುತ್ತಿರುವುದು ಒಂದು ಕೊಳವೆಯ ಮೇಲೆ ಎಂದು ಮಾವ ತಮಾಷೆ ಮಾಡುತ್ತಿದ್ದ.

ಯಂತ್ರ ನೋಡಿಕೊಳ್ಳುವವರಲ್ಲಿ ವಯಸ್ಸಾದವರು ಡಾಕ್ಟರ ಹತ್ತಿರ ಹೋಗಿ ಬುದ್ಧಿ ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಿಕೊಂಡು ಬರಬೇಕು ಎಂದು ಮೇಲ್ವಿಚಾರಕ ಹೇಳಿದ್ದು ಆ ವಾರವೇ. ಮೊದಲ ಸರದಿ ವ್ಯಾನಿನವನದ್ದು. ಮಾವ ಹೋಗಿ ಬಂದು, ಅಡುಗೆಮನೆಯ ಮೇಜಿಗೆ ಮೊಣಕೈ ಊರಿ ಕೂತು ಕಥೆ ಹೇಳಿದ.

"ತಲೆ ಪರೀಕ್ಷೆ ಅಂದ್ರೆ ತಲೆ ಬಿಚ್ಚಿ ನೋಡ್ತಾರೇನೋ ಅಂತ ನಾನು ಹೆದರಿದ್ದೆ. ಅಂಥದ್ದೇನಿಲ್ಲ. ಐದು ಪದ ಹೇಳ್ತಾರೆ, ನೆನಪಿಟ್ಕೋಬೇಕು. ಗಡಿಯಾರ ಬಿಡಿಸು ಅಂತಾರೆ. ಇದು ಆದ್ರೆ ಏನು ಮಾಡ್ತೀಯ, ಅದು ಆದ್ರೆ ಏನು ಮಾಡ್ತೀಯ ಅಂತಾರೆ. ನಾನು ಪಾಸು."

"ನೀನು ಪಾಸಾ?" ಅಮ್ಮ ತಟ್ಟೆ ಒರೆಸುತ್ತಾ ಕೇಳಿದಳು. "ಹಾಗಾದ್ರೆ ಆ ಡಾಕ್ಟರನ್ನೇ ಮೊದಲು ಪರೀಕ್ಷೆ ಮಾಡಿಸ್ಬೇಕು."

"ಅಕ್ಕಾ, ನಾನೇ ಪಾಸಾದ್ಮೇಲೆ ಕತ್ತೆನೂ ಪಾಸಾಗತ್ತೆ. ಆದ್ರೆ ಭಾವ..."

ಅವನು ಅಪ್ಪನ ಕಡೆಗೆ ನೋಡಿದ. ಅಪ್ಪ ಕಿಟಕಿಯ ಹತ್ತಿರ ಕೂತು ಅಂಗಿಯ ಗುಂಡಿಯನ್ನು ತಿರುಗಿಸುತ್ತಿದ್ದರು. ಅಮ್ಮ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

"ಅವ್ರಿಗೆ ಸ್ವಲ್ಪ ಆಯಾಸ, ಅಷ್ಟೇ" ಎಂದಳು ಕೊನೆಗೆ. "ಬಾಯ್ಲರ್ ಬಿಡಿಸಿದ್ರೆ ಅವ್ರು ಮೂಲೆಗೆ ಕೂತುಬಿಡ್ತಾರೆ. ಕೂತ ಮನುಷ್ಯ ಮತ್ತೆ ಏಳಲ್ಲ. ಪ್ರಶ್ನೆ ಎಲ್ಲಾ ನಿನಗೆ ಗೊತ್ತಿದ್ಯಲ್ಲ, ಹೇಳಿಕೊಡು."

ಮಾವ ಹೇಳಿಕೊಟ್ಟ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಪದಗಳನ್ನು ಒಂದರ ಹಿಂದೊಂದು ಕೂಗಿ ಹೇಳಿದರೂ ಅಪ್ಪ ಎರಡನೆಯದಕ್ಕೇ ಮುಗ್ಗರಿಸಿದರು. ಗಡಿಯಾರ ಬಿಡಿಸಿದರೆ ಅಂಕಿಗಳೆಲ್ಲ ಒಂದೇ ಪಕ್ಕಕ್ಕೆ ಬಂದು ಗುಂಪುಗೂಡಿದವು. ಮೂರನೆಯ ಸಂಜೆ ಪೆನ್ನು ಎಸೆದು, "ನನ್ನನ್ನ ಮಗು ಮಾಡಿದ್ದೀರಾ?" ಎಂದು ಎದ್ದು ಹೋದರು. ಮಾವನ ತಮಾಷೆಯೂ ಬತ್ತಿತು.

ಗುಮ್ಮಿ ನೋಡುತ್ತಿದ್ದಳು. ಅಪ್ಪನ ತಲೆಯಿಂದ ಯಾವುದು ಜಾರುತ್ತದೆ, ಯಾವುದು ಜಾರುವುದಿಲ್ಲ ಎಂದು ತಿಂಗಳುಗಳಿಂದ ನೋಡಿದವಳು ಅವಳೊಬ್ಬಳೇ. ಹೊಸ ಮಾತು ನಿಲ್ಲುವುದಿಲ್ಲ. ಆದರೆ ಲಾಂಡ್ರಿಯೊಳಗೆ ಅವರ ಕಾಲು ತಪ್ಪುವುದಿಲ್ಲ. ಬಾಗಿಲು, ನೆನೆಹಾಕುವ ತೊಟ್ಟಿ, ತೊಳೆಯುವ ಡ್ರಮ್ಮು, ರೋಲರು, ಮಡಿಸುವ ಮೇಜು. ಕಣ್ಣು ಕಟ್ಟಿದರೂ ನಡೆದಾರು. ಹಾಗಾದರೆ ಪದಗಳನ್ನು ತಲೆಯಲ್ಲಿ ಇಡುವುದೇಕೆ, ಲಾಂಡ್ರಿಯಲ್ಲೇ ಇಟ್ಟರಾಯಿತು.

ಮರುದಿನ ಕೆಲಸ ಮುಗಿದ ಮೇಲೆ ಅಪ್ಪನ ಕೈ ಹಿಡಿದು ಬಾಗಿಲಿನಿಂದ ನಡೆಸಿದಳು. "ಅಪ್ಪ, ಬಾಗಿಲಿಗೆ ಅಡ್ಡ ಒಂದು ಕುದುರೆ ನಿಂತಿದೆ. ತೊಟ್ಟಿ ಮೇಲೆ ಸೇತುವೆ ಕಟ್ಟಿದ್ದಾರೆ. ಡ್ರಮ್ಮಿಗೆ ಕಿಟಕಿ ಇಟ್ಟಿದ್ದಾರೆ ನೋಡಿ. ರೋಲರಿಂದ ಬರೋ ಚಾದರ ಎಲ್ಲಾ ನೀಲಿ. ಮೇಜಿನ ಮೇಲೆ ಒಂದು ಬಟ್ಟಲು." ಅಪ್ಪ ನಕ್ಕರು. ಕುದುರೆಗೆ ಯಾರು ಟಿಕೆಟ್ ಕೊಟ್ಟು ಒಳಗೆ ಬಿಟ್ಟರು ಎಂದು ಕೇಳಿದರು. ಎರಡನೆಯ ಸಲ ಅವರೇ ಮುಂದೆ ನಡೆದರು. ವಾರದೊಳಗೆ ಅಡುಗೆಮನೆಯಲ್ಲಿ ಕೂತೇ, ಕಣ್ಣು ಮುಚ್ಚಿ, ಕುದುರೆ, ಸೇತುವೆ, ಕಿಟಕಿ, ನೀಲಿ, ಬಟ್ಟಲು ಎಂದು ಗಿಳಿಪಾಠ ಒಪ್ಪಿಸಿದರು.

ಗಡಿಯಾರದ ದಾರಿಯೂ ಅವಳಿಗೆ ಹೊಳೆಯಿತು. ಡಾಕ್ಟರು ಕೇಳುವುದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುವ ಗಡಿಯಾರ. ಅಪ್ಪನಿಗೆ ಗಡಿಯಾರ ಮರೆತಿತ್ತು, ಆದರೆ ಅಂಕಿ ಇರುವ ಇನ್ನೊಂದು ದುಂಡನೆಯ ಮುಖವನ್ನು ಅವರು ಆಯುಸ್ಸೆಲ್ಲಾ ನೋಡಿದ್ದರು. ಬಾಯ್ಲರಿನ ಒತ್ತಡ ತೋರಿಸುವ ಡಯಲು.

"ಸ್ಟೀಮು ಸರಿಯಾಗಿದ್ದಾಗ ಮುಳ್ಳು ಎಲ್ಲಿ ನಿಲ್ಲತ್ತೆ, ತೋರಿಸಿ." ಅಪ್ಪ ಎಡಗಡೆ ಮೇಲಕ್ಕೆ ಬೆರಳಿಟ್ಟರು. "ಅಲ್ಲಿ ಗಿಡ್ಡ ಮುಳ್ಳು. ಇದಕ್ಕಿಂತ ಮೇಲೆ ಹೋಗ್ಬಾರ್ದು ಅಂತ ಕೆಂಪು ಗೆರೆ ಎಲ್ಲಿದೆ?" ಬೆರಳು ಬಲಗಡೆಗೆ ಸರಿಯಿತು. "ಅಲ್ಲಿ ಉದ್ದ ಮುಳ್ಳು. ಅಷ್ಟೇ. ಹನ್ನೊಂದು ಹತ್ತು."

ಅಪ್ಪ ಬಿಡಿಸಿದರು. ತಿದ್ದುವುದಕ್ಕೇನೂ ಇರಲಿಲ್ಲ. ತಲೆಯೆತ್ತಿ ಅವಳ ಮುಖ ನೋಡಿ, "ಸರೀನಾ?" ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು.

ಇನ್ನು ಉಳಿದದ್ದು ಏನಾದರೂ ಆದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ. ಮಾವನಿಗೆ ಕೇಳಿದ್ದು, ಮನೆಯಲ್ಲಿ ಕೊಳವೆ ಒಡೆದು ನೀರು ನುಗ್ಗಿದರೆ ಏನು ಮಾಡುತ್ತೀರಿ ಎಂದು. ಅದಕ್ಕೂ ಗುಮ್ಮಿ ಒಂದೇ ಸಾಲಿನ ಉತ್ತರ ಕಟ್ಟಿಕೊಟ್ಟಳು: "ಮೊದಲು ವಾಲ್ವು ಮುಚ್ಚಬೇಕು." ವಾಲ್ವು ಅಪ್ಪನ ಸ್ವಂತ ಭಾಷೆಯ ಮಾತು. ಒಂದೇ ಸಲಕ್ಕೆ ಕಚ್ಚಿಕೊಂಡಿತು.

"ಗುಮ್ಮಿ ಮೇಷ್ಟ್ರು" ಎಂದು ಮಾವ ಎದ್ದು ನಿಂತು ಕೈಮುಗಿದ. "ಶಾಲೆ ಬಿಟ್ಟಿದ್ದು ಒಳ್ಳೇದೇ ಆಯ್ತು ಬಿಡು, ಇಲ್ದಿದ್ರೆ ಅಲ್ಲಿ ಇರೋರಿಗೆ ಕೆಲಸ ಹೋಗ್ತಿತ್ತು." ಅಮ್ಮ ಅವಳ ತಲೆ ಸವರಿದಳು. ಕೈ ಬಿಸಿಯಾಗಿತ್ತು, ರೋಲರಿನ ಹೆಂಗಸರ ಕೈ ಸಂಜೆಯ ತನಕ ಆರುವುದಿಲ್ಲ. ಬುದ್ಧಿವಂತೆ ಎಂದು ಅವಳನ್ನು ಯಾರಾದರೂ ಹಾಗೆ ಮುಟ್ಟಿದ್ದು ಅದೇ ಮೊದಲು. ಗುಮ್ಮಿಯ ಎದೆ ತುಂಬಿ ಬಂತು. ಪದಗಳನ್ನು ಮೇಜಿನಿಂದ ಬಾಗಿಲ ಕಡೆಗೆ, ಹಿಂದುಮುಂದಾಗಿ ಕೇಳಿದರೆ ಅಪ್ಪನ ಬಾಯಿಂದ ಒಂದೂ ಬರುವುದಿಲ್ಲ ಎಂಬುದನ್ನು ಅವಳು ಗಮನಿಸಿದ್ದಳು. ಹಾಗೆ ಕೇಳುವುದನ್ನೇ ಬಿಟ್ಟಳು.

ಡಾಕ್ಟರಮ್ಮನ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು, ಬಂದವರು ತಮ್ಮ ಮುಖ ನೋಡಿ ಗಾಬರಿಯಾಗದಂತೆ ಗೋಡೆಗೆ ತಿರುಗಿಸಿಟ್ಟ ಒಂದು ಕನ್ನಡಿ ಇದ್ದವು. ಗುಮ್ಮಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು, ಹೊಸ ಅಂಗಿ, ಗುಂಡಿಗಳೆಲ್ಲ ಸರಿಯಾಗಿದ್ದವು. ಐದು ಪದ ಹೇಳುತ್ತೇನೆ ಎಂದು ಡಾಕ್ಟರಮ್ಮ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕಣ್ಣು ಮುಚ್ಚಿದರು.

"ಕುದುರೆ, ಸೇತುವೆ, ಕಿಟಕಿ, ನೀಲಿ, ಬಟ್ಟಲು."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗಡಿಯಾರ ಬಿಡಿಸಲು ಹೇಳಿದರು. ಅದು ಅಚ್ಚುಕಟ್ಟಾಗಿತ್ತು. ಆಮೇಲೆ ಅವರು, "ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ ಬಂತು ಅನ್ಕೊಳ್ಳಿ. ಏನು ಮಾಡ್ತೀರಿ?" ಎಂದರು.

ಇದು ಕಲಿಸಿದ ಪ್ರಶ್ನೆಯಲ್ಲ.

"ಮೊದಲು ವಾಲ್ವು ಮುಚ್ಚಬೇಕು" ಎಂದರು ಅಪ್ಪ.

ಉತ್ತರ ಸರಿಯೇ ಆಗಿತ್ತು. ಆದರೂ ಡಾಕ್ಟರಮ್ಮನ ಮುಖ ಸಡಿಲವಾಗಲಿಲ್ಲ. ಅಪ್ಪನನ್ನು ನೀರು ಕುಡಿಯಲು ಹೊರಗೆ ಕಳಿಸಿ, ಕುರ್ಚಿಯನ್ನು ಇವಳ ಕಡೆಗೆ ತಿರುಗಿಸಿಕೊಂಡರು.

"ನೋಡಮ್ಮಾ, ನನಗೆ ಬೇಕಾಗಿರೋದು ಉತ್ತರ ಅಲ್ಲ. ಉತ್ತರ ಗೊತ್ತಿಲ್ದೇ ಇದ್ದಾಗ ಮನುಷ್ಯ ಹೇಗೆ ಹುಡುಕ್ತಾನೆ ಅನ್ನೋದು. ಮೊದಲೇ ಜೇಬಲ್ಲಿ ಇಟ್ಕೊಂಡು ಬಂದ್ರೆ ನನಗೇನೂ ಕಾಣಲ್ಲ. ಇವರಿಗೆ ಯಾರಾದ್ರೂ ಹೇಳಿಕೊಟ್ಟಿದ್ದಾರಾ?"

ಗುಮ್ಮಿ ಅಡ್ಡಡ್ಡ ತಲೆಯಾಡಿಸಿದಳು.

"ಬಾಯಲ್ಲಿ ಹೇಳು."

"ಇಲ್ಲ" ಎಂದಳು ಗುಮ್ಮಿ. ಹೊರಗಿನವರ ಮುಂದೆ ತನ್ನ ದನಿ ಅಷ್ಟು ಸ್ಪಷ್ಟವಾಗಿ ಬಂದದ್ದು ಅವಳಿಗೇ ಆಶ್ಚರ್ಯ. ಡಾಕ್ಟರಮ್ಮ ಇನ್ನೂ ಸ್ವಲ್ಪ ಹೊತ್ತು ಅವಳನ್ನು ನೋಡಿದರು. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು. ಕನ್ನಡಕ ಹಾಕಿಕೊಂಡು ಸಹಿ ಮಾಡಿದರು.

ಸಂಜೆ ಮಾವ ವ್ಯಾನಿನ ಹಾರನ್ನು ಬಾರಿಸಿಕೊಂಡೇ ಮನೆಯ ತನಕ ಬಂದ. ಅಮ್ಮ ಎಷ್ಟೋ ದಿನಗಳ ಮೇಲೆ ಹಾಡಿನ ತುಣುಕೊಂದನ್ನು ಗುನುಗಿದಳು. ಅಪ್ಪ ಮಾತ್ರ ಊಟದ ನಡುವೆ ಗುಮ್ಮಿಯ ಕಡೆಗೆ ವಾಲಿ, "ಮುಂದಿನ ಪರೀಕ್ಷೆ ಯಾವಾಗ?" ಎಂದು ಪಿಸುಗುಟ್ಟಿದರು.

"ಮುಗೀತಪ್ಪ" ಎಂದಳು ಅವಳು.

ಮುಗಿದಿರಲಿಲ್ಲ. ಅದು ಗೊತ್ತಾದದ್ದು ಒಂದು ಬೆಳಿಗ್ಗೆ, ಅಪ್ಪನಿಗೆ ಚಹಾ ಕೊಡಲು ಬಾಯ್ಲರ್ ಕೋಣೆಗೆ ಹೋದಾಗ. ಒಳಗಿನ ಕಾವು ಎಂದಿನದಲ್ಲ. ಬಾಗಿಲಲ್ಲೇ ಮುಖಕ್ಕೆ ಹೊಡೆಯಿತು. ಅಪ್ಪ ಡಯಲಿನ ಮುಂದೆ ಕೈಕಟ್ಟಿ ನಿಂತಿದ್ದರು. ಒಂದೇ ಮುಳ್ಳಿನ ಆ ಡಯಲಿನಲ್ಲಿ ಮುಳ್ಳು ಎಡಗಡೆಯ ತನ್ನ ಜಾಗ ಬಿಟ್ಟು, ನೆತ್ತಿ ದಾಟಿ, ಬಲಗಡೆಯ ಕೆಂಪು ಗೆರೆಗೆ ಬಂದು ತಾಗಿತ್ತು.

"ಅಪ್ಪ, ಮುಳ್ಳು."

"ಹೂಂ" ಎಂದು ಅಪ್ಪ ತೃಪ್ತಿಯಿಂದ ತಲೆದೂಗಿದರು. "ಉದ್ದ ಮುಳ್ಳು ಸರಿಯಾದ ಜಾಗಕ್ಕೆ ಬಂತು. ಹನ್ನೊಂದು ಹತ್ತು." ಅವಳ ಕಡೆಗೆ ತಿರುಗಿದರು. "ಸರೀನಾ?"

ಗುಮ್ಮಿ ಲೋಟ ಕೆಳಗಿಟ್ಟಳು. ಒತ್ತಡ ಕೆಂಪು ಮುಟ್ಟಿದರೆ ಬಾಯ್ಲರಿನ ನೆತ್ತಿಯ ಮೇಲಿನ ವಾಲ್ವು ತಾನಾಗಿ ತೆರೆದುಕೊಂಡು, ಸುಂಯ್ ಎಂದು ಹಬೆ ಹೊರಗೆ ಬಿಡಬೇಕು, ಬಿಡದಿದ್ದರೆ ಬಾಯ್ಲರು ಸಿಡಿದೀತು. ಆ ಕೂಗು ರೋಲರಿನವರೆಗೂ ಕೇಳಿಸುತ್ತದೆ. ಇವತ್ತು ಕೂಗಿಲ್ಲ. ಕತ್ತೆತ್ತಿ ನೋಡಿದಳು. ವಾಲ್ವಿನ ಹಿಡಿಕೆಯನ್ನು ಒಂದು ತಂತಿ ಸುತ್ತಿ ಕೆಳಗಿನ ಕೊಳವೆಗೆ ಬಿಗಿದು ಕಟ್ಟಲಾಗಿತ್ತು. ಗಂಟು ಬಹಳ ಚೆನ್ನಾಗಿತ್ತು. ಕೈಯ ಬುದ್ಧಿ ಅಪ್ಪನಿಗೆ ಇನ್ನೂ ಪೂರ್ತಿ ಇತ್ತು.

"ಇದನ್ನ ಯಾರು ಕಟ್ಟಿದ್ದು?"

"ನಾನೇ. ಕೂಗ್ತಾ ಇತ್ತು. ಏನೋ ತೊಂದರೆ ಅಂತ ಗೊತ್ತಾಯ್ತು." ಅವರು ಮಗುವಿನಂತೆ ಮುಗುಳ್ನಕ್ಕರು. "ಮೊದಲು ವಾಲ್ವು ಮುಚ್ಚಬೇಕು. ನೀನೇ ಹೇಳಿಕೊಟ್ಟಿದ್ದಲ್ಲ."

ಗುಮ್ಮಿ ಬೆಂಕಿ ತಗ್ಗಿಸಿದಳು. ಸ್ಟೂಲು ಎಳೆದು ಹತ್ತಿ, ಬೆರಳು ಸುಟ್ಟುಕೊಂಡು ತಂತಿ ಬಿಚ್ಚಿದಳು. ಹಬೆ ಕಿರುಚಿಕೊಂಡು ಹೊರಬಿತ್ತು. ಗೋಡೆಯ ಆಚೆಯಿಂದ ಹೆಂಗಸರು ಬೈದದ್ದು ಕೇಳಿಸಿತು. ಅಪ್ಪ ಎರಡೂ ಕಿವಿ ಮುಚ್ಚಿಕೊಂಡು, ಪಾಠ ತಪ್ಪಿದೆ ಎಂದು ಹೇಳಿಸಿಕೊಂಡವರಂತೆ ನೆಲ ನೋಡುತ್ತಿದ್ದರು.

ಸಂಜೆ ಅಪ್ಪ ಸ್ನಾನಕ್ಕೆ ಹೋದಾಗ ಅವಳು ಅಮ್ಮನಿಗೂ ಮಾವನಿಗೂ ಹೇಳಿದಳು. ಒಂದೇ ಉಸಿರಿಗೆ ಅಷ್ಟು ಮಾತನ್ನು ಅವಳು ಎಂದೂ ಆಡಿರಲಿಲ್ಲ. ಮಾವ ಅಭ್ಯಾಸಬಲದಿಂದ, "ಶಿಷ್ಯ ಪಾಸಾದ್ಮೇಲೆ ಗುರುಗಳಿಗೆ ಅನುಮಾನ ಬಂತಾ?" ಎಂದ. ನಗು ಯಾರಿಗೂ ಬರಲಿಲ್ಲ, ಅವನಿಗೂ.

"ಬಿಚ್ಚಿದ್ಯಲ್ಲ" ಎಂದಳು ಅಮ್ಮ. "ನಾಳೆನೂ ಹೋಗಿ ನೋಡು. ಕಟ್ಟಿದ್ರೆ ಬಿಚ್ಚು."

"ದಿನಾ ಹೇಗಮ್ಮಾ ಬಿಚ್ಚಲಿ? ಒಂದಿನ ಹೋಗೋದು ತಡ ಆದ್ರೆ?"

"ನಾನು ದಿನಾ ಮಾಡಲ್ವಾ?" ಅಮ್ಮನ ದನಿ ಏರಲಿಲ್ಲ, ಇನ್ನೂ ತಗ್ಗಿತು. "ಬೆಳಿಗ್ಗೆ ಎದ್ದು ಎರಡು ಕಾಲನ್ನೂ ಪ್ಯಾಂಟಿನ ಒಂದೇ ಕಾಲೊಳಗೆ ಹಾಕ್ಕೊಂಡು ಕೂತಿರ್ತಾರೆ. ಯಾರಿಗಾದ್ರೂ ಹೇಳಿದ್ದೀನಾ? ಬಿಡಿಸಿ, ಹಾಕಿ, ಗುಂಡಿ ಹಾಕಿ ಕಳಿಸ್ತೀನಿ."

ಮಾವ ಬೀಗದಕೈ ಗೊಂಚಲನ್ನು ಮೇಜಿನ ಮೇಲೆ ತಿರುಗಿಸುತ್ತಿದ್ದ. "ನಾನು ದಿನಾ ಅವ್ರನ್ನ ವ್ಯಾನಲ್ಲಿ ಕರ್ಕೊಂಡು ಬರೋದು ಪ್ರೀತಿಗೆ ಅನ್ಕೊಂಡ್ಯಾ ಗುಮ್ಮಿ?" ಎಂದ, ಅವಳನ್ನು ನೋಡದೆ. "ಅವ್ರಿಗೆ ಮನೆ ದಾರಿ ಗೊತ್ತಾಗಲ್ಲ. ಆಗಲೇ ಬಹಳ ದಿನ ಆಯ್ತು."

ಹಾಗಾದರೆ ಒಬ್ಬೊಬ್ಬರೂ ತಮ್ಮ ತಮ್ಮ ತುದಿ ಹಿಡಿದುಕೊಂಡು, ಉಳಿದವರಿಗೆ ಕಾಣದಂತೆ ಅಡ್ಡ ನಿಂತಿದ್ದರು. ತಾನೊಬ್ಬಳೇ ನೋಡಿದೆ ಎಂದು ಗುಮ್ಮಿ ತಿಳಿದಿದ್ದಳು. ಎಲ್ಲರೂ ನೋಡಿದ್ದರು. ಎಲ್ಲರೂ ತಮಗೆ ಕಂಡಷ್ಟನ್ನು ಮುಚ್ಚಿ, ಮಿಕ್ಕದ್ದೆಲ್ಲ ಸರಿಯಿದೆ ಎಂದುಕೊಂಡಿದ್ದರು. ಸರಿಯಿಲ್ಲ ಎಂದು ಗುರುತು ಹಚ್ಚಬಹುದಾಗಿದ್ದ ಒಬ್ಬ ಹೆಂಗಸಿನ ಕಣ್ಣಿಗೆ ಗುಮ್ಮಿ ಮಣ್ಣೆರಚಿ ಬಂದಿದ್ದಳು.

"ಅದು ಪ್ಯಾಂಟಲ್ಲಮ್ಮ, ಬಾಯ್ಲರು" ಎಂದಳು. "ನಾನು ಡಾಕ್ಟರಮ್ಮನ ಹತ್ರ ಹೋಗಿ ನಿಜ ಹೇಳ್ತೀನಿ."

"ಹೇಳು" ಎಂದಳು ಅಮ್ಮ. "ಹೇಳಿದ ಸಂಜೆಯಿಂದ ಅವ್ರನ್ನ ಆ ಕುರ್ಚಿ ಮೇಲೆ ಕೂರ್ಸಿ, ಕಿಟಕಿ ಕಡೆ ಮುಖ ಮಾಡಿ, ಸಾಯೋವರ್ಗೂ ನೋಡ್ತಾ ಇರು."

ಬಚ್ಚಲಿನ ನೀರಿನ ಸದ್ದು ನಿಂತಿತು. ಬಾಗಿಲಲ್ಲಿ ಅಪ್ಪ ಟವೆಲು ಹೊದ್ದುಕೊಂಡು ನಿಂತಿದ್ದರು. ಎಷ್ಟು ಹೊತ್ತಿನಿಂದ ಅಲ್ಲಿದ್ದರೋ. ಕೇಳಿದ್ದೆಲ್ಲ ಅವರ ತಲೆಯೊಳಗೆ ನಿಂತಿತೋ ಜಾರಿತೋ ಮುಖ ನೋಡಿ ಹೇಳುವಂತಿರಲಿಲ್ಲ.

ಮರುದಿನ ಗುಮ್ಮಿ ಅಪ್ಪನ ಜೊತೆಗೇ ಬಾಯ್ಲರ್ ಕೋಣೆಯ ತನಕ ಹೋದಳು. ಇವತ್ತು ಇಲ್ಲೇ ಇರುತ್ತೇನೆ, ಅಲ್ಲಿ ಮಡಿಸಲು ಚಾದರ ಇನ್ನೂ ಬಂದಿಲ್ಲ ಎಂದಳು. ಅಪ್ಪ ಹೊಸ್ತಿಲಲ್ಲಿ ತಿರುಗಿ ನಿಂತರು. ಎಷ್ಟೋ ತಿಂಗಳುಗಳಲ್ಲಿ ಮೊದಲ ಬಾರಿಗೆ ಅವರ ಕಣ್ಣಲ್ಲಿ ಹಳೆಯ ಅಪ್ಪ ಇದ್ದರು.

"ನನ್ನನ್ನ ಪಾಸ್ ಮಾಡ್ಸಿದ್ದು ನೀನು" ಎಂದರು ಮೆಲ್ಲಗೆ. "ಎಲ್ರೂ ನಂಬಿದ್ರು. ಈಗ ನೀನೇ ಕಾವಲಿಗೆ ನಿಲ್ತೀಯಾ, ಮಗಳೇ?"

ಅವಳ ಉತ್ತರ ಗಂಟಲಿನ ತನಕ ಬಂದು ಅಲ್ಲೇ ಕೂತಿತು. ಅಪ್ಪ ಬಾಗಿಲು ಹಾಕಿಕೊಂಡರು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಅವಳು ತಟ್ಟಿದಳು. ಕರೆದಳು. ಒಳಗೆ ಬೆಂಕಿ ಹೊತ್ತಿಕೊಂಡ ಗುಡುಗು ಮಾತ್ರ ಬಂತು. ಮೇಲ್ವಿಚಾರಕ ಇನ್ನೂ ಬಂದಿರಲಿಲ್ಲ, ಮಾವನ ವ್ಯಾನು ಆಗಲೇ ಹೊರಟುಹೋಗಿತ್ತು. ಬಹಳ ಹೊತ್ತು ಬಾಗಿಲು ತಟ್ಟಿ, ಗುಮ್ಮಿ ಸುತ್ತು ಬಳಸಿ ರೋಲರಿನ ಕಡೆಗೆ ಓಡಿದಳು. ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ನಿಂತಾಗಿತ್ತು. ಅಮ್ಮ ತನ್ನ ಜಾಗದಲ್ಲಿ, ಗೋಡೆಗೆ ಬೆನ್ನು ಹಾಕಿ, ಮೊದಲ ಚಾದರದ ಅಂಚು ಹಿಡಿದಿದ್ದಳು. ರೋಲರು ಎಂದಿಗಿಂತ ಬೇಗ ಕಾದಿತ್ತು. ಒದ್ದೆ ಬಟ್ಟೆ ಮುಟ್ಟಿದೊಡನೆ ಬುಸ್ಸೆಂದಿತು.

"ನಿನ್ನ ಯಜಮಾನರು ಇವತ್ತು ಜೋರಾಗಿದ್ದಾರೆ" ಎಂದಳು ಅಮ್ಮನ ಪಕ್ಕದವಳು. "ಆ ದರಿದ್ರ ವಾಲ್ವಿನ ಕೂಗೂ ಇಲ್ಲ. ಕಿವಿಗೆ ಹಾಯಾಗಿದೆ ಕಣೇ."

ಗುಮ್ಮಿ ಗೋಡೆಗೆ ಕಿವಿಯಿಟ್ಟಳು. ಆಚೆಗೆ ಕೂಗು ಇರಲಿಲ್ಲ. ಗೋಡೆ ಕೆನ್ನೆಯನ್ನು ಸುಟ್ಟಿತು. ಕೊಳವೆಗಳೊಳಗೆ ಯಾವುದೋ ದಪ್ಪ ದನಿ ನಡುಗುತ್ತಾ ಮೇಲೇರುತ್ತಿತ್ತು. ಅವಳು ಸಾಲಿನ ಮುಂದೆ ಬಂದು ನಿಂತಳು. ಎಲ್ಲರ ಎದುರಿಗೆ ಹಾಗೆ ನಿಂತು ಅವಳು ಯಾವತ್ತೂ ಮಾತಾಡಿರಲಿಲ್ಲ. ಕೆಲವರು ತಲೆಯೆತ್ತಿದರು. ಅಮ್ಮನೂ ಎತ್ತಿದಳು. ಅಮ್ಮನ ಕಣ್ಣು ಒಂದು ಕ್ಷಣ ಮಗಳ ಮೇಲೆ ನಿಂತು, ತಿರುಗಿ ಚಾದರದ ಅಂಚಿಗೆ ಇಳಿಯಿತು.

"ಎಲ್ರೂ ಸ್ವಲ್ಪ ಹೊತ್ತು ಹೊರಗೆ ಬಂದು ನಿಂತ್ಕೊಳ್ತೀರಾ?" ಎಂದು ಗುಮ್ಮಿ ಕೇಳಿದಳು.